ಪಿಕಪ್‌ನ ಡಿಪಿಎಫ್ ಮೇಲೊಂದು ಕಣ್ಣು: ಬ್ಲೂಟೂತ್ ಓಬಿಡಿ ಅಡಾಪ್ಟರ್ ಮತ್ತು ಕಾರ್ ಸ್ಕ್ಯಾನರ್ ಆ್ಯಪ್ ವಿಮರ್ಶೆ

ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತುವ ಹೊತ್ತಿಗೆ ಗಾಡಿ ಸಾಮಾನ್ಯವಾಗಿ ಒಂದೆರಡು ಸಲ ತಾನಾಗಿಯೇ ಮಸಿ ಸುಡಲು ಹೊರಟು, ಅರ್ಧದಲ್ಲೇ ಕೈಬಿಟ್ಟಿರುತ್ತದೆ. ಹೊರಟದ್ದು ಯಾವಾಗ, ಬಿಟ್ಟದ್ದು ಯಾಕೆ ಎಂದು ಹೆಚ್ಚಿನ ಪಿಕಪ್‌ಗಳು ಓಡಿಸುವವರಿಗೆ ಹೇಳುವುದೇ ಇಲ್ಲ. ತೋಟದ ಗೇಟು ದಾಟಿದ ಕೂಡಲೇ ಕೀ ತಿರುಗಿಸಿ ಇಳಿದರೆ, ಅಲ್ಲಿಯವರೆಗೆ ಫಿಲ್ಟರ್ ಕಾಯಿಸಲು ಸುರಿದ ಡೀಸೆಲ್ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಈ ಕೊರತೆಗೆ ಸಿಗುವ ಅಗ್ಗದ ಮದ್ದು ಎರಡು ತುಂಡಿನದು: ಗಾಡಿಯ ದೋಷ ಓದಲು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್, ಅದರ ಜೊತೆ ಫೋನಿನಲ್ಲಿ ಓಡುವ 'ಕಾರ್ ಸ್ಕ್ಯಾನರ್ ಇಎಲ್‌ಎಂ ಓಬಿಡಿ2' ಆ್ಯಪ್.

ತೀರ್ಪು ಮೊದಲೇ ಹೇಳಿಬಿಡುವುದಾದರೆ, ಆ್ಯಪ್ ಚೆನ್ನಾಗಿದೆ, ಅಡಾಪ್ಟರ್ ಚೆನ್ನಾಗಿದ್ದರೆ ಮಾತ್ರ. ಫಿಲ್ಟರನ್ನು ಇದು ಶುಚಿ ಮಾಡುವುದಿಲ್ಲ. ಕೀ ಯಾವಾಗ ಆಫ್ ಮಾಡಬಾರದು ಎಂದು ತಿಳಿಸುತ್ತದೆ, ಅಷ್ಟೇ. ದಿನಾ ಹತ್ತು ಕಿಲೋಮೀಟರ್ ಒಳಗೆ ಓಡಾಡುವ ಗಾಡಿಗೆ ಆ 'ಅಷ್ಟೇ'ಯಲ್ಲಿಯೇ ದುಡ್ಡು ವಸೂಲು.

ಸೈಲೆನ್ಸರ್ ಒಳಗೆ ಏನಾಗುತ್ತದೆ

2020ರ ಏಪ್ರಿಲ್ 1ರಂದು ಬಿಎಸ್6 ಹೊಗೆ ನಿಯಮ ಬಂದ ಮೇಲೆ ನಮ್ಮ ಡೀಸೆಲ್ ಪಿಕಪ್‌ಗಳ ಸೈಲೆನ್ಸರ್ ಪೈಪಿನಲ್ಲಿ, ಟರ್ಬೊ ದಾಟಿದ ಮೇಲೆ, ಒಂದು ಕ್ಯಾಟಲಿಟಿಕ್ ಕನ್ವರ್ಟರ್, ಅದರ ಬೆನ್ನಿಗೆ ಜೇನುಗೂಡಿನಂಥ ಸೆರಾಮಿಕ್ ಫಿಲ್ಟರ್ ಕೂತಿದೆ. ಅದರ ಕಿಂಡಿಗಳು ಒಂದು ಬಿಟ್ಟು ಒಂದು ಮುಚ್ಚಿರುತ್ತವೆ. ಹೊಗೆ ಗೋಡೆಯ ಸಣ್ಣ ರಂಧ್ರಗಳಲ್ಲೇ ನುಸುಳಿ ಪಕ್ಕದ ಕಿಂಡಿಗೆ ಹೋಗಬೇಕು, ಮಸಿ ಹಿಂದೆ ಉಳಿಯುತ್ತದೆ. ಇಸುಜು ಇದನ್ನೇ ಡಿಪಿಡಿ ಎಂದು ಕರೆಯುತ್ತದೆ. ವಿ-ಕ್ರಾಸ್ ಇಟ್ಟುಕೊಂಡವರು ಆ್ಯಪ್‌ನ ಪಟ್ಟಿಯಲ್ಲಿ ಡಿಪಿಎಫ್ ಸಿಗಲಿಲ್ಲವೆಂದರೆ ಆ ಹೆಸರಲ್ಲೂ ಹುಡುಕಿ.

ಭಾರ ಹೊತ್ತು ಘಾಟಿ ಹತ್ತುವಾಗ ಹೊಗೆಯ ತಾಪ 250ರಿಂದ 400 ಡಿಗ್ರಿ ಮುಟ್ಟಿದರೆ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ನಿಧಾನವಾಗಿ ತಾನೇ ತಿನ್ನುತ್ತದೆ. ಇದಕ್ಕೆ ಪ್ಯಾಸಿವ್ ರೀಜನ್ ಎನ್ನುತ್ತಾರೆ, ಖರ್ಚಿಲ್ಲದ ಶುದ್ಧಿ. ಅದು ಸಾಲದೆ ಮಸಿ ತುಂಬಿದಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೆಚ್ಚುವರಿ ಡೀಸೆಲ್ ಕಳಿಸಿ ಕನ್ವರ್ಟರ್‌ನಲ್ಲಿ ಉರಿಸಿ, ಫಿಲ್ಟರನ್ನು 600 ಡಿಗ್ರಿ ಆಸುಪಾಸಿಗೆ ಏರಿಸುತ್ತದೆ. ಇದು ಆಕ್ಟಿವ್ ರೀಜನ್. ಸಾಮಾನ್ಯವಾಗಿ 10ರಿಂದ 20 ನಿಮಿಷ ಹಿಡಿಯುತ್ತದೆ, ಹೆಚ್ಚುಕಮ್ಮಿ 200ರಿಂದ 500 ಕಿ.ಮೀ.ಗೆ ಒಂದು ಸಲ ಬರುತ್ತದೆ. ನಮ್ಮ ಅಡಾಪ್ಟರ್ ಕೆಲಸಕ್ಕೆ ಬರುವುದು ಈ 20 ನಿಮಿಷಕ್ಕೆ.

ಆ ಹೆಚ್ಚುವರಿ ಡೀಸೆಲ್ ಎಲ್ಲಿಂದ ಬರುತ್ತದೆ ಎನ್ನುವುದೂ ಮುಖ್ಯ. ಕೆಲವು ಎಂಜಿನ್‌ಗಳು ಸಿಲಿಂಡರ್ ಒಳಗೇ ತಡವಾಗಿ ಒಂದು ಸಲ ಇಂಜೆಕ್ಟ್ ಮಾಡುತ್ತವೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ರೀಜನ್ ಪದೇ ಪದೇ ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ ಶುರುವಾದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿ ಏರುವುದು ಇದಕ್ಕೇ. ಆಯಿಲ್ ಇಳಿದರೆ ಗಾಬರಿಯಾಗುವವರು ಏರಿದರೆ ಖುಷಿಪಡುತ್ತಾರೆ. ಏರಿದ್ದೇ ಹೆಚ್ಚು ಅಪಾಯ, ಯಾಕೆಂದರೆ ಡೀಸೆಲ್ ಬೆರೆತು ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಇನ್ನು ಕೆಲವು ಎಂಜಿನ್‌ಗಳಲ್ಲಿ ಸೈಲೆನ್ಸರ್ ಪೈಪಿಗೇ ಬೇರೊಂದು ಇಂಜೆಕ್ಟರ್ ಇರುತ್ತದೆ. ಅಲ್ಲಿ ಆಯಿಲ್‌ನ ತೊಂದರೆ ಕಡಿಮೆ, ಆದರೆ ಆ ಇಂಜೆಕ್ಟರ್ ಬಾಯಿಗೆ ಕಿಟ್ಟ ಕಟ್ಟಿಕೊಂಡು ಬಿಳಿ ಹೊಗೆ ಬರುವುದುಂಟು.

ಅಡಾಪ್ಟರ್: ಇಲ್ಲಿ ಜಿಪುಣತನ ಬೇಡ

ಪೋರ್ಟ್ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುತ್ತದೆ. 16 ಪಿನ್. 6 ಮತ್ತು 14ನೇ ಪಿನ್‌ಗಳಲ್ಲಿ ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಕ್ಯಾನ್ ಲೈನ್, 16ರಲ್ಲಿ ಬ್ಯಾಟರಿಯ ನೇರ 12 ವೋಲ್ಟ್. ಕೀ ಆಫ್ ಮಾಡಿದರೂ ಇದು ಹರಿಯುತ್ತಲೇ ಇರುತ್ತದೆ, ಇದರ ಮಾತು ಮುಂದೆ ಬರುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ನೀಲಿ ಪ್ಲಾಸ್ಟಿಕ್ ಅಡಾಪ್ಟರ್‌ಗಳ ಮೇಲೆ 'ಇಎಲ್‌ಎಂ327 ವಿ2.1' ಅಥವಾ 'ವಿ1.5' ಎಂದು ಬರೆದಿರುತ್ತದೆ. ಮೂಲ ಚಿಪ್ ಮಾಡಿದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ. ಆ ಕಂಪನಿ 2022ರಲ್ಲಿ ಬಾಗಿಲನ್ನೂ ಹಾಕಿತು. ಅಂದರೆ ಇವು ನಕಲಿನ ನಕಲು. ಆರ್‌ಪಿಎಂ, ಕೂಲಂಟ್ ತಾಪ ಓದಲು ಇವು ನಡೆಯುತ್ತವೆ. ಡಿಪಿಎಫ್ ಮಾಹಿತಿ ಬಂದಾಗ ಮಾತ್ರ ಕೈಕೊಡುತ್ತವೆ. ಯಾಕೆಂದರೆ ಮಸಿಯ ಪ್ರಮಾಣ, ಕೊನೆಯ ರೀಜನ್ ಆಗಿ ಎಷ್ಟು ಕಿ.ಮೀ. ಆಯಿತು ಎಂಬುದನ್ನು ಕಂಪನಿಗಳು ತಮ್ಮದೇ ಮೋಡ್ 21, ಮೋಡ್ 22ರ ಪಿಐಡಿಗಳಲ್ಲಿ (ಒಂದೊಂದು ಅಂಕಿಯನ್ನು ಕೇಳುವ ಸಂಕೇತ ಸಂಖ್ಯೆಗಳು) ಇಟ್ಟಿರುತ್ತವೆ. ಎಂಜಿನ್ ಇಸಿಯುಗೆ 7ಇ0 ವಿಳಾಸದಲ್ಲಿ ಕೇಳಿದರೆ 7ಇ8ರಿಂದ ಉತ್ತರ ಹಲವು ತುಂಡುಗಳಾಗಿ ಬರುತ್ತದೆ. ಅಗ್ಗದ ನಕಲುಗಳು ನಡುವಿನ ತುಂಡು ನುಂಗಿಬಿಡುತ್ತವೆ, ಇಲ್ಲವೇ ವಿಳಾಸ ಬದಲಿಸುವ ಆದೇಶವೇ ಅವಕ್ಕೆ ಅರ್ಥವಾಗುವುದಿಲ್ಲ. ಆಗ ಪರದೆಯಲ್ಲಿ ಮಸಿ ಸೊನ್ನೆ, ತಾಪ ಸೊನ್ನೆ. ನೋಡಿದವರು ಆ್ಯಪ್ ಸರಿಯಿಲ್ಲ ಎಂದು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಓಬಿಡಿಲಿಂಕ್ ಎಂಎಕ್ಸ್ ಪ್ಲಸ್, ವಿಗೇಟ್ ಐಕಾರ್ ಪ್ರೊ, ವಿಲಿಂಕರ್ ಎಂಸಿ ಪ್ಲಸ್ ಇವುಗಳಲ್ಲಿ ಯಾವುದಾದರೂ ಈ ಕೆಲಸಕ್ಕೆ ಸಾಕು. ಓಬಿಡಿಲಿಂಕ್ ದುಬಾರಿ. ಒಂದೇ ಪಿಕಪ್ ಇರುವವರಿಗೆ ಅಷ್ಟು ಬೇಕಿಲ್ಲ, ನಾಲ್ಕಾರು ಗಾಡಿ ಓಡಿಸುವವರಿಗೆ ಸರಿ. ಐಫೋನ್ ಇದ್ದವರು ಓಬಿಡಿಲಿಂಕ್ ಎಂಎಕ್ಸ್ ಪ್ಲಸ್ ಬಿಟ್ಟು ಬೇರೆ ಹಳೆಯ ಬ್ಲೂಟೂತ್ ಕ್ಲಾಸಿಕ್ ಅಡಾಪ್ಟರ್ ತರಬೇಡಿ, ಅದು ಸೇರುವುದಿಲ್ಲ. ಬೇರೆ ತರುವುದಾದರೆ ಬ್ಲೂಟೂತ್ ಎಲ್ಇ ಇರುವುದನ್ನೇ ತನ್ನಿ. ಎಲ್ಇ ಅಡಾಪ್ಟರನ್ನು ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಪೇರ್ ಮಾಡಲು ಹೋಗಬಾರದು, ಆ್ಯಪ್ ಒಳಗಿಂದಲೇ ಆರಿಸಬೇಕು. ಕ್ಲಾಸಿಕ್ ಅಡಾಪ್ಟರನ್ನು ಮಾತ್ರ ಫೋನಿನ ಸೆಟ್ಟಿಂಗ್‌ನಲ್ಲಿ ಪೇರ್ ಮಾಡಿಕೊಳ್ಳಬೇಕು, ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಇಲ್ಲವೇ 0000.

ಆ್ಯಪ್ ಕೂರಿಸುವುದು

ಕೀ ಆನ್ ಮಾಡಿ, ಅಡಾಪ್ಟರ್ ಆರಿಸಿ, ಕನೆಕ್ಷನ್ ಪ್ರೊಫೈಲ್‌ನಲ್ಲಿ ನಿಮ್ಮ ಗಾಡಿಯ ಕಂಪನಿ, ಎಂಜಿನ್‌ಗೆ ಹೊಂದುವುದನ್ನು ಆಯ್ಕೆ ಮಾಡಿ. ಬಹಳ ಮಂದಿ ಇಲ್ಲಿ ಸಾಮಾನ್ಯ ಓಬಿಡಿ ಪ್ರೊಫೈಲ್ ಇಟ್ಟು ಮುಂದೆ ಹೋಗುತ್ತಾರೆ. ಹಾಗೆ ಮಾಡಿದರೆ ಕಂಪನಿಯ ಸ್ವಂತ ಪಿಐಡಿಗಳು ಪಟ್ಟಿಗೆ ಬರುವುದೇ ಇಲ್ಲ. ಪ್ರೊಫೈಲ್ ಸಿಗದಿದ್ದರೂ ಕೈಚೆಲ್ಲಬೇಕಿಲ್ಲ. ಮೋಡ್ 01ರ ಸಾಮಾನ್ಯ ಪಿಐಡಿಗಳಲ್ಲೇ 78 ಹೊಗೆಯ ತಾಪ ಕೊಡುತ್ತದೆ, 7ಎ ಫಿಲ್ಟರ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ, 7ಸಿ ಫಿಲ್ಟರ್ ತಾಪ. 8ಬಿ ಎಂಬುದು ಇನ್ನೂ ರುಚಿಕರ: ರೀಜನ್ ನಡೆಯುತ್ತಿದೆಯೇ, ಆಕ್ಟಿವ್ ಅಥವಾ ಪ್ಯಾಸಿವ್, ಮುಂದಿನ ರೀಜನ್‌ಗೆ ಶೇಕಡಾ ಎಷ್ಟು ಹತ್ತಿರ, ಎರಡು ರೀಜನ್ ನಡುವೆ ಸರಾಸರಿ ದೂರ ಎಷ್ಟು ಎಲ್ಲವೂ ಅದರಲ್ಲಿವೆ. ನಿಮ್ಮ ಇಸಿಯು ಇವುಗಳಲ್ಲಿ ಯಾವುದಕ್ಕೆ ಉತ್ತರಿಸುತ್ತದೆ ಎಂದು ಎಲ್ಲ ಸೆನ್ಸರ್‌ಗಳ ಪಟ್ಟಿ ತೆರೆದು, ಎಂಜಿನ್ ಚಾಲೂ ಇಟ್ಟು ಐದು ನಿಮಿಷ ನೋಡಿದರೆ ಗೊತ್ತಾಗುತ್ತದೆ.

ಡ್ಯಾಶ್‌ಬೋರ್ಡ್ ಪುಟದಲ್ಲಿ ಆರಕ್ಕಿಂತ ಹೆಚ್ಚು ಮೀಟರ್ ಹಾಕಬೇಡಿ. ಅಡಾಪ್ಟರ್ ಒಂದೊಂದನ್ನೇ ಸರದಿಯಲ್ಲಿ ಕೇಳುತ್ತದೆ, ಇಪ್ಪತ್ತು ಹಾಕಿದರೆ ಪ್ರತಿ ಅಂಕಿಯೂ ತಡವಾಗಿ ಬರುತ್ತದೆ. ಫಿಲ್ಟರ್ ಮುಂದಿನ ತಾಪ, ಹಿಂದಿನ ತಾಪ, ಒತ್ತಡ ವ್ಯತ್ಯಾಸ, ಮಸಿ ಗ್ರಾಂನಲ್ಲಿ ಅಥವಾ ಶೇಕಡಾದಲ್ಲಿ, ಕೊನೆಯ ರೀಜನ್‌ನಿಂದ ಕಿ.ಮೀ., ಕೂಲಂಟ್ ತಾಪ. ಇಷ್ಟು ಸಾಕು. ಕಾಸು ಕೊಡದ ಆವೃತ್ತಿಯಲ್ಲೂ ಅಂಕಿಗಳನ್ನು ನೋಡಬಹುದು. ಪರದೆ ತಮಗೆ ಬೇಕಾದಂತೆ ಜೋಡಿಸಿಕೊಳ್ಳುವವರು ಪ್ರೊ ಕೊಳ್ಳುವುದು ಮೇಲು.

ಒಂದು ರೀಜನ್ ಪರದೆಯಲ್ಲಿ ಹೇಗೆ ಕಾಣುತ್ತದೆ

ಹಾಸನದಿಂದ ಸಕಲೇಶಪುರದ ಕಡೆಗೆ ಖಾಲಿ ಗಾಡಿ, ಐದನೇ ಗೇರ್, 70ರ ವೇಗ ಎಂದಿಟ್ಟುಕೊಳ್ಳಿ. ಫಿಲ್ಟರ್ ಮುಂದಿನ ತಾಪ 250 ಡಿಗ್ರಿ ಆಸುಪಾಸಿನಲ್ಲಿ ತೂಗುತ್ತಿರುತ್ತದೆ. ಮುಂದಿನ ರೀಜನ್‌ಗೆ ಎಷ್ಟು ಹತ್ತಿರ ಎನ್ನುವ ಅಂಕಿ ಶೇಕಡಾ 100 ಮುಟ್ಟಿದ ಮೇಲೆ ಆಕ್ಸಿಲರೇಟರ್ ಹೆಚ್ಚು ಒತ್ತದೆಯೇ ತಾಪ ಏರತೊಡಗುತ್ತದೆ: 350, 450, ಕೆಲವೇ ನಿಮಿಷದಲ್ಲಿ 550ರ ಮೇಲೆ. ಒತ್ತಡ ವ್ಯತ್ಯಾಸವೂ ಮೊದಲು ಸ್ವಲ್ಪ ಏರುತ್ತದೆ. ಇದನ್ನು ನೋಡಿ ಫಿಲ್ಟರ್ ಇನ್ನಷ್ಟು ಕಟ್ಟಿತು ಎಂದುಕೊಳ್ಳಬೇಡಿ. ಬಿಸಿ ಹೊಗೆ ಹಿಗ್ಗಿ ಅದೇ ಕಿಂಡಿಯಲ್ಲಿ ನುಗ್ಗಲು ನೋಡುತ್ತಿದೆ, ಅದಕ್ಕೆ. 600 ಮುಟ್ಟಿ ನಿಂತ ಮೇಲೆ ಹಿಂದಿನ ಸೆನ್ಸರ್ ಮುಂದಿನದನ್ನು ಮೀರಿಸಿ ಏರಿದರೆ ಮಸಿ ನಿಜಕ್ಕೂ ಉರಿಯುತ್ತಿದೆ ಎಂದು ಖಾತ್ರಿ, ಉರಿಯುವ ಮಸಿಯೂ ಶಾಖ ಕೊಡುತ್ತದಲ್ಲ. ಗ್ರಾಂ ಲೆಕ್ಕ ಇಳಿಯುತ್ತ ಬರುತ್ತದೆ, ಒತ್ತಡವೂ ಇಳಿಯುತ್ತದೆ. ಕಡೆಗೊಮ್ಮೆ ತಾಪ ಮತ್ತೆ 300ರ ಕೆಳಗೆ ಬಂದು, ಕಿ.ಮೀ. ಲೆಕ್ಕ ಸೊನ್ನೆಗೆ ತಿರುಗಿದರೆ ಕೆಲಸ ಮುಗಿಯಿತು.

ಆ ಹೊತ್ತಿನಲ್ಲಿ ಮಾಡಬೇಕಾದ್ದು ಒಂದು ಗೇರ್ ಇಳಿಸಿ 2,000 ಆರ್‌ಪಿಎಂ ಆಸುಪಾಸಿನಲ್ಲಿ ಸಮವಾಗಿ ಓಡಿಸುವುದು. ಶಿರಾಡಿ ಹತ್ತುವುದಾದರೆ ಇನ್ನೂ ಒಳ್ಳೆಯದು, ಇಳಿಯುವುದಾದರೆ ಕೆಟ್ಟದ್ದು. ಕಾಲು ತೆಗೆದು ಎಂಜಿನ್ ಬ್ರೇಕಿಂಗ್‌ನಲ್ಲಿ ಇಳಿಯುವಾಗ ಇಂಜೆಕ್ಟರ್ ಮುಚ್ಚಿರುತ್ತದೆ, ತಣ್ಣನೆ ಗಾಳಿ ಫಿಲ್ಟರ್ ಮೂಲಕ ಹರಿದು ತಾಪ ಕಣ್ಣೆದುರೇ 300ಕ್ಕೆ ಕುಸಿಯುತ್ತದೆ. ಚಾರ್ಮಾಡಿ ಇಳಿಯುವ ಮುಂಚೆ ಶೇಕಡಾ 95 ಕಂಡರೆ, ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯುತ್ತ ಐಡ್ಲಿಂಗ್‌ನಲ್ಲಿ ಬಿಟ್ಟು ಪ್ರಯೋಜನವಿಲ್ಲ. ಕೆಳಗೆ ಸಮತಟ್ಟು ರಸ್ತೆಗೆ ಬಂದ ಮೇಲೆ ಬಿಸಿ ಎಂಜಿನ್‌ನಲ್ಲಿ ತಾನೇ ಶುರುವಾಗುತ್ತದೆ, ಆಗ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ.

ರೀಜನ್ ಜೋರಾಗಿ ನಡೆಯುವಾಗ ಥಟ್ಟನೆ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಡುವುದೇ ಫಿಲ್ಟರ್‌ಗೆ ಅತಿ ಕೆಟ್ಟ ಗಳಿಗೆ. ಹೊಗೆಯ ಹರಿವು ತಗ್ಗಿ ಶಾಖ ಹೊತ್ತೊಯ್ಯುವುದು ನಿಲ್ಲುತ್ತದೆ, ಆದರೆ ಐಡ್ಲಿಂಗ್ ಹೊಗೆಯಲ್ಲಿ ಆಮ್ಲಜನಕ ಬೇಕಾದಷ್ಟಿರುತ್ತದೆ. ಮಸಿ ಬಹಳ ತುಂಬಿದ್ದರೆ ಒಳಗಿನ ತಾಪ ಏಕಾಏಕಿ ಏರಿ ಸೆರಾಮಿಕ್ ಬಿರುಕು ಬಿಡಬಹುದು. ಅಪರೂಪಕ್ಕೊಮ್ಮೆ ನಿಲ್ಲಿಸಲೇಬೇಕಾಗಿ ಬಂದರೆ ಇಸಿಯು ಸಂಭಾಳಿಸುತ್ತದೆ, ಮುಂದಿನ ಸಲ ಮತ್ತೆ ಶುರು ಮಾಡುತ್ತದೆ. ದಿನಾ ಹಾಗಾದರೆ ಮಾತ್ರ ತೊಂದರೆ. ಇನ್ನೊಂದು, ಕಾಫಿ ತೋಟದಲ್ಲಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಪರದೆಯಲ್ಲಿ 600 ಇರುವಾಗ ಒಣ ದರಗಿನ ಮೇಲೆ ಗಾಡಿ ನಿಲ್ಲಿಸಲೇಬಾರದು. ಹೊಟ್ಟೆಯಡಿಯ ಪೈಪಿಗೂ ಎಲೆಗೂ ಒಂದು ಗೇಣು ಅಂತರವೂ ಇರುವುದಿಲ್ಲ.

ಅಂಕಿ ಹೇಳುವ ರೋಗ

ಇಲ್ಲಿ ಈ ಜೋಡಿ ನಿಜಕ್ಕೂ ಮೇಲುಗೈ. ಮೊದಲ ಪರೀಕ್ಷೆ ಕೀ ಆನ್, ಎಂಜಿನ್ ಆಫ್. ಒತ್ತಡ ವ್ಯತ್ಯಾಸ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಸೆನ್ಸರ್ ಲೆಕ್ಕ ತಪ್ಪಿದೆ, ಇಲ್ಲದ ಮಸಿಯನ್ನು ಇದೆ ಎನ್ನುತ್ತಿದೆ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಶುಚಿ ಫಿಲ್ಟರ್ ಸಾಮಾನ್ಯವಾಗಿ 1 ಕಿಲೋಪ್ಯಾಸ್ಕಲ್ ಆಸುಪಾಸು ಅಥವಾ ಕಡಿಮೆ ಇರುತ್ತದೆ, ಆರ್‌ಪಿಎಂ ಏರಿಸಿದಂತೆ ಏರುತ್ತದೆ. ಕೆಲವು ಗಾಡಿಗಳು ಹೆಕ್ಟೊಪ್ಯಾಸ್ಕಲ್‌ನಲ್ಲಿ ಹೇಳುತ್ತವೆ, 10 ಹೆಕ್ಟೊ ಅಂದರೆ 1 ಕಿಲೊ. ಗಾಡಿಯಿಂದ ಗಾಡಿಗೆ ಅಂಕಿ ಬೇರೆ, ಹಾಗಾಗಿ ರೀಜನ್ ಮುಗಿದ ಮರುದಿನ ನಿಮ್ಮ ಗಾಡಿಯ ಐಡ್ಲಿಂಗ್ ಮತ್ತು 2,500 ಆರ್‌ಪಿಎಂ ಅಂಕಿ ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸಲು ಅದೇ ಅಳತೆಗೋಲು.

2,500ಕ್ಕೆ ಏರಿಸಿದರೂ ಸೊನ್ನೆಯೇ ಇದ್ದರೆ ಸೆನ್ಸರ್‌ಗೆ ಹೋಗುವ ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ಟಿದೆ ಅಥವಾ ಕಳಚಿದೆ. ಪೈಪು ಸರಿಯಿದ್ದರೆ ಫಿಲ್ಟರ್ ಒಳಗೆ ಸರಕೇ ಇಲ್ಲ. ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋಗುವವರು ಅಡಾಪ್ಟರ್ ಜೇಬಿನಲ್ಲಿಟ್ಟುಕೊಂಡು ಹೋಗಲು ಇದೊಂದೇ ಕಾರಣ ಸಾಕು. ಡಿಪಿಎಫ್ ಒಡೆದು ತೆಗೆದು ಡಬ್ಬಿ ಮಾತ್ರ ಬೆಸುಗೆ ಹಾಕಿದ ಗಾಡಿಗಳು ಮಾರುಕಟ್ಟೆಯಲ್ಲಿವೆ. ಅದು ಕಾನೂನಿಗೆ ವಿರುದ್ಧ, ಫಿಲ್ಟರ್ ಮತ್ತೆ ಹಾಕಿಸುವ ಖರ್ಚು ಕೊಂಡವರ ತಲೆಗೇ.

ಎರಡು ರೀಜನ್ ನಡುವಿನ ದೂರ 300ರಿಂದ 150ಕ್ಕೆ, ಅಲ್ಲಿಂದ 80ಕ್ಕೆ ಇಳಿಯುತ್ತ ಬಂದರೆ ಫಿಲ್ಟರನ್ನು ಬೈಯುವ ಮುಂಚೆ ಎಂಜಿನ್ ನೋಡಿ. ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಇಂಟರ್‌ಕೂಲರ್ ಪೈಪಿನ ಕ್ಲಾಂಪ್ ಸಡಿಲಾಗಿ ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿ) ಸೋರುತ್ತಿರಬಹುದು, ಒಂದು ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಏರ್ ಫಿಲ್ಟರ್ ಕೆಮ್ಮಣ್ಣಿನಿಂದ ತುಂಬಿರಬಹುದು. ಮಸಿ ಹುಟ್ಟುವುದು ಅಲ್ಲಿ. ರೀಜನ್ ಪೂರ್ತಿ ಆದ ಮೇಲೂ ಒತ್ತಡ ಬರೆದಿಟ್ಟ ಅಂಕಿಗೆ ಇಳಿಯದಿದ್ದರೆ ಅದು ಬೂದಿ. ಬೂದಿ ಸುಡುವುದಿಲ್ಲ, ಫಿಲ್ಟರ್ ಬಿಚ್ಚಿ ತೊಳೆಸಲೇಬೇಕು. ಬೂದಿಯ ಮೂಲ ಎಂಜಿನ್ ಆಯಿಲ್. ಜಾಸೊ ಡಿಎಲ್-1 ದರ್ಜೆಯ ಆಯಿಲ್‌ನಲ್ಲಿ ಸಲ್ಫೇಟೆಡ್ ಬೂದಿ ಶೇ 0.6 ಮೀರುವಂತಿಲ್ಲ, ಎಸಿಇಎ ಸಿ3ರಲ್ಲಿ ಶೇ 0.8. ಶೆಡ್ಡಿನಲ್ಲಿ ಟ್ರ್ಯಾಕ್ಟರ್‌ಗೆಂದು ಇಟ್ಟ ಡ್ರಮ್ಮಿನ ಸಿಐ-4 ಆಯಿಲ್‌ನಲ್ಲಿ ಶೇ 1 ದಾಟುವುದು ಮಾಮೂಲು. ಅದೇ ಡ್ರಮ್ಮಿನಿಂದ ಪಿಕಪ್‌ಗೂ ಎರಡು ಲೀಟರ್ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ರೀಜನ್ ಶುರುವೇ ಆಗುತ್ತಿಲ್ಲ ಎಂದರೆ ಆ್ಯಪ್‌ನ ದೋಷದ ಕೋಡ್ ಪುಟ ತೆರೆಯಿರಿ. ಪಿ0401 ಇಜಿಆರ್ ಹರಿವು ಕಡಿಮೆ, ಪಿ0299 ಬೂಸ್ಟ್ ಕಡಿಮೆ, ಪಿ2452ರಿಂದ ಪಿ2455 ಒತ್ತಡ ಸೆನ್ಸರ್ ಸರ್ಕ್ಯೂಟ್. ಇಂಥ ಕೋಡ್ ಇರುವಾಗ ಬಹಳಷ್ಟು ಇಸಿಯುಗಳು ಸುಡುವ ಕೆಲಸಕ್ಕೇ ಕೈಹಾಕುವುದಿಲ್ಲ. ಟ್ಯಾಂಕ್ ರಿಸರ್ವ್‌ಗೆ ಬಂದಿದ್ದರೂ ಹಲವು ಗಾಡಿಗಳು ಹಾಗೆಯೇ ಮಾಡುತ್ತವೆ. ಪಿ2463 ಅಂದರೆ ಮಸಿ ಮಿತಿ ಮೀರಿದೆ, ಪಿ242ಎಫ್ ಅಂದರೆ ಬೂದಿ. ಕೋಡ್ ಅಳಿಸುವ ಬಟನ್ ಆ್ಯಪ್‌ನಲ್ಲಿದೆ, ಒತ್ತಿದರೆ ದೀಪ ಆರುತ್ತದೆ, ಮಸಿ ಅಲ್ಲೇ ಇರುತ್ತದೆ.

ವೇಗವಾಗಿ ಹೈವೇಯಲ್ಲಿ ಓಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಮಾತನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ ಟೊಯೊಟಾದ ಡೀಸೆಲ್ ಹೈಲಕ್ಸ್, ಫಾರ್ಚುನರ್, ಪ್ರಾಡೊ ಗಾಡಿಗಳಲ್ಲಿ ಸತತ ಹೈವೇ ವೇಗದಲ್ಲೇ ಡಿಪಿಎಫ್ ಸರಿಯಾಗಿ ಸುಡುತ್ತಿರಲಿಲ್ಲ. ಪ್ರಕರಣ ಫೆಡರಲ್ ಕೋರ್ಟಿಗೆ ಹೋಗಿ 2022ರಲ್ಲಿ ಕೊಂಡವರ ಪರ ತೀರ್ಪು ಬಂತು. ಬಿಡದಿಯಲ್ಲಿ ತಯಾರಾಗುವ ನಮ್ಮ ಹೈಲಕ್ಸ್ ಮಾರುಕಟ್ಟೆಗೆ ಬಂದದ್ದೇ 2022ರಲ್ಲಿ, ಆ ಪಟ್ಟಿಗೆ ಅದು ಸೇರಿಲ್ಲ.

ಎಲ್ಲಿ ಸಾಲದು, ಬದಲಿಗೆ ಏನಿದೆ

ನಿಂತಲ್ಲೇ ಬಲವಂತದ ರೀಜನ್ ಮಾಡಿಸಲು ಈ ಜೋಡಿಯನ್ನು ನಂಬಬೇಡಿ. ಅದಕ್ಕೆ ಸರ್ವಿಸ್ ಸೆಂಟರ್‌ನ ಸ್ಕ್ಯಾನರ್, ಅಥವಾ ಗ್ಯಾರೇಜುಗಳಲ್ಲಿ ಇರುವ ಲಾಂಚ್, ಆಟೆಲ್ ಕಂಪನಿಗಳ ಸ್ಕ್ಯಾನರ್ ಬೇಕು. ಗ್ರಾಂ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದು ತೂಗಿ ಹೇಳಿದ್ದಲ್ಲ, ಒತ್ತಡ, ಗಾಳಿ, ಡೀಸೆಲ್ ಲೆಕ್ಕ ಹಾಕಿ ಇಸಿಯು ಊಹಿಸಿದ್ದು. ಮಸಿ ಅಂಕಿ ಮತ್ತು ಒತ್ತಡ ಒಂದಕ್ಕೊಂದು ತಾಳೆಯಾಗದಿದ್ದರೆ ಒತ್ತಡದ ಪೈಪುಗಳನ್ನು ಮೊದಲು ಪರೀಕ್ಷಿಸಿ.

ಆಂಡ್ರಾಯ್ಡ್ ಇರುವವರಿಗೆ ಟಾರ್ಕ್ ಪ್ರೊ ಇನ್ನೊಂದು ದಾರಿ. ನೋಡಲು ಹಳೆಯ ಕಾಲದ್ದು, ಪಿಐಡಿಗಳನ್ನು ಸೂತ್ರದ ಸಮೇತ ಕೈಯಾರೆ ತುಂಬಬೇಕು. ಆದರೆ ಅದರಲ್ಲಿ ಅಲಾರಂ ಇದೆ: ಫಿಲ್ಟರ್ ತಾಪ 500 ದಾಟಿದರೆ ದನಿ ಮಾಡು ಎಂದು ಒಂದು ಸಲ ಹೇಳಿಟ್ಟರೆ ಫೋನ್ ನೋಡುವ ಗೋಜೇ ಇಲ್ಲ. ಸಂಬಳದ ಡ್ರೈವರ್ ಓಡಿಸುವ ಗಾಡಿಗೆ ಇದೇ ಸರಿ. 'ಅಣ್ಣಾ, ಕೂಗಿದರೆ ಆಫ್ ಮಾಡಬೇಡ, ಕೂಗು ನಿಲ್ಲುವವರೆಗೂ ಓಡಿಸು' ಎಂದರೆ ಸಾಕು, ಪಿಐಡಿ ಪಾಠ ಬೇಕಿಲ್ಲ. ಫೋನೇ ಬೇಡ ಎನ್ನುವವರಿಗೆ ಸ್ಕ್ಯಾನ್‌ಗೇಜ್‌ನಂಥ ತಂತಿಯ ಮೀಟರ್ ಇದೆ. ಡ್ಯಾಶ್ ಮೇಲೆ ಅಂಟಿಸಿಬಿಟ್ಟರೆ ಕೀ ಜೊತೆಯೇ ಹತ್ತುತ್ತದೆ. ಹೊರದೇಶದಿಂದ ತರಿಸುವ ಖರ್ಚು ಮಾತ್ರ ಅಡಾಪ್ಟರ್‌ಗಿಂತ ಎಷ್ಟೋ ಪಟ್ಟು.

ತಿಂಗಳಲ್ಲಿ ಬಹುಪಾಲು ಬೆಂಗಳೂರು, ಹುಬ್ಬಳ್ಳಿ ಎಂದು ಹೈವೇಯಲ್ಲೇ ಓಡುವ ಗಾಡಿಗೆ ಇದು ಬೇಕಿಲ್ಲ. ಎಪಿಎಂಸಿ, ಅಂಗಡಿ, ತೋಟ ಎಂದು ತಣ್ಣಗಿನ ಎಂಜಿನ್‌ನಲ್ಲೇ ಐದಾರು ಕಿ.ಮೀ. ಓಡಿ ನಿಲ್ಲುವ ಗಾಡಿಗೆ ಕೊಳ್ಳಿ.

ಬ್ಯಾಟರಿಯ ಮಾತು ಬಾಕಿ ಇತ್ತು. ನಿದ್ದೆ ಮಾಡಲು ಬಾರದ ಅಗ್ಗದ ಅಡಾಪ್ಟರ್ 50 ಮಿಲಿ ಆಂಪ್ ಎಳೆದರೆ ಹದಿನಾಲ್ಕು ದಿನಕ್ಕೆ ಸುಮಾರು 17 ಆಂಪ್ ಅವರ್ ಖಾಲಿ. 70ರ ಬ್ಯಾಟರಿಯಲ್ಲಿ ಕಾಲು ಭಾಗ ಹೋಯಿತು. ಜುಲೈ ಮಳೆಯಲ್ಲಿ ಗಾಡಿ ಶೆಡ್ಡಿನಲ್ಲೇ ನಿಲ್ಲುವುದಾದರೆ ಅಡಾಪ್ಟರ್ ಕಿತ್ತು ಗ್ಲೋವ್ ಬಾಕ್ಸಿಗೆ ಹಾಕಿ.